ದ್ರಾವಿಡ್ ಮಗನಿಗೆ 50,000

50,000 ರೂಪಾಯಿಗೆ ಈಗ ಏನು ಬರುತ್ತೆ? ಬೆಂಗಳೂರಲ್ಲಿ ಎರಡು ಬೆಡ್‌ರೂಮಿನ ಮನೆಗೆ ಒಂದೂವರೆ ತಿಂಗಳ ಬಾಡಿಗೆ. ಪರವಾಗಿಲ್ಲ ಅನ್ನುವಂಥ ಒಂದು ಫೋನು. ಇಲ್ಲಾ, ಒಂದು ಒಳ್ಳೆಯ ಇಂಗ್ಲಿಷ್ ವಿಲ್ಲೋ ಬ್ಯಾಟು, ಅದರ ಜೊತೆಗೆ ಪ್ಯಾಡು, ಗ್ಲೌಸು, ಹೆಲ್ಮೆಟ್ಟು. 2024ರ ಜುಲೈ ಕೊನೆಯ ವಾರ ಮೈಸೂರು ವಾರಿಯರ್ಸ್ ತಂಡದವರು ಇಷ್ಟೇ ದುಡ್ಡಿಗೆ ಮಹಾರಾಜ ಟ್ರೋಫಿ ಹರಾಜಿನಲ್ಲಿ ಸಮಿತ್ ದ್ರಾವಿಡ್‌ನನ್ನು ತಗೊಂಡರು. ರಾಹುಲ್ ದ್ರಾವಿಡ್ ಅವರ ಹಿರಿಯ ಮಗ. ಹುಡುಗನಿಗೆ ಆಗ 18 ವರ್ಷ. ಅಪ್ಪ ಬಾರ್ಬಡೋಸ್‌ನಲ್ಲಿ ವಿಶ್ವಕಪ್ ಎತ್ತಿ ಹಿಡಿದು ಕಿರುಚಿ ಇನ್ನೂ ತಿಂಗಳು ತುಂಬಿರಲಿಲ್ಲ.

ಅದೇ ಹರಾಜಿನಲ್ಲಿ ಅದೇ ತಂಡ ಆಲ್‌ರೌಂಡರ್ ಕೆ. ಗೌತಮ್‌ಗೆ 7.4 ಲಕ್ಷ ಕೊಟ್ಟಿತು. ನಮ್ಮ ಮೈಸೂರಿನವನೇ ಆದ ಸ್ಪಿನ್ನರ್ ಜೆ. ಸುಚಿತ್‌ಗೆ 4.8 ಲಕ್ಷ. ಭಾರತಕ್ಕೆ ಟೆಸ್ಟ್ ಆಡಿದ್ದ ಪ್ರಸಿದ್ಧ್ ಕೃಷ್ಣ ಬರೀ 1 ಲಕ್ಷಕ್ಕೆ ಸಿಕ್ಕಿಬಿಟ್ಟ. ಲೆಕ್ಕ ಗೊತ್ತಿರೋ ಅಭಿಮಾನಿಗಳು ಇದರ ಬಗ್ಗೆ ವಾರಗಟ್ಟಲೆ ಮಾತಾಡಬೇಕಿತ್ತು. ಯಾರೂ ಮಾತಾಡಲಿಲ್ಲ. ಟೀವಿಯವರಿಗೂ ಪತ್ರಿಕೆಯವರಿಗೂ ಬೇಕಾಗಿದ್ದು ಪಟ್ಟಿಯ ಅತಿ ಸಣ್ಣ ಮೊತ್ತಗಳಲ್ಲಿ ಒಂದಾದ ಆ 50,000.

ಆ ಭಾನುವಾರ ನಾನು ಊರಿಗೆ, ಅಂದ್ರೆ ನಂಜನಗೂಡಿಗೆ, ಹೋಗಿದ್ದೆ. ವಯನಾಡಿನಲ್ಲಿ ಮಳೆ ಹೊಡೀತಿತ್ತು, ಕಬಿನಿಯಿಂದ ನೀರು ಬಿಟ್ಟಿದ್ದರು, ಕಪಿಲೆ ಸ್ನಾನಘಟ್ಟದ ಮೆಟ್ಟಿಲು ನುಂಗಿಕೊಂಡು ಕೆಂಪಗೆ ಹರೀತಿದ್ದಳು. ಹೊಳೆ ನೋಡೋಕೆ ಬಂದವರೆಲ್ಲ ಆಮೇಲೆ ಟೀ ಅಂಗಡಿಗೆ ಬರ್ತಾರೆ. ಅಲ್ಲಿ ವಿಷಯ ಆಗಲೇ ಕಾವೇರಿತ್ತು.

ಟೈರ್ ಅಂಗಡಿಯವನ ವಾದ ಸರಳ. "ಹೆಸರಿಗೆ ಕೊಟ್ಟವ್ರೆ ಕನ. ಇವನ ಸರ್‌ನೇಮ್ ಗೌಡ ಅಂತಿದ್ರೆ ತಗೊಳ್ತಿದ್ರಾ?" ಅದಕ್ಕೆ ಬಾಳೆಮಂಡಿಯವರು, ಅರವತ್ತು ದಾಟಿದವರು, ವಿಶ್ವನಾಥ್ ಆಟ ನೋಡಿ ಬೆಳೆದವರು, ತಣ್ಣಗೆ ಹೇಳಿದರು: "ಊದಿನಕಡ್ಡಿ ಮಾರೋರು ಕನಪ್ಪ ಅವ್ರು. ಪರಿಮಳ ಎಲ್ಲಿಂದ ಬತ್ತದೆ ಅಂತ ಅವ್ರಿಗೆ ಗೊತ್ತಿಲ್ವಾ?" ವಾರಿಯರ್ಸ್ ತಂಡದ ಮಾಲೀಕರು ಸೈಕಲ್ ಬ್ರ್ಯಾಂಡ್ ಅಗರಬತ್ತಿಯ ಎನ್.ಆರ್. ಗ್ರೂಪ್‌ನವರು. ಮೈಸೂರು ಕಡೆಯವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಇಡೀ ಅಂಗಡಿ ನಕ್ಕಿತು.

ಪಾಳಿ ಮುಗಿಸಿ ಯೂನಿಫಾರ್ಮ್‌ನಲ್ಲೇ ಬಂದಿದ್ದ ಒಬ್ಬ ಹುಡುಗ ಮಾತ್ರ ನಗಲಿಲ್ಲ. "ಒಂದ್ ಸೀಟ್ ಹೋಯ್ತಲ್ಲ ಅಣ್ಣ. ನಮ್ ಕಡೆ ಯಾವ್ನಾದ್ರೂ ಹುಡ್ಗನಿಗೆ ಬರ್ಬೇಕಾಗಿದ್ದ ಸೀಟು."

ಇದಕ್ಕೆ ಪಿ.ಟಿ. ಮೇಷ್ಟ್ರು ಕೊಟ್ಟ ಉತ್ತರ ಆ ದಿನದ ಅತಿ ದೊಡ್ಡ ಸಿಕ್ಸರ್. "ಅಲ್ಲಯ್ಯಾ, ನಿಮ್ಮ ಎಂಎಲ್‌ಎ ಯಾರ ಮಗ? ಎಂಪಿ ಯಾರ ಮಗ? ಅಲ್ಲಿ ಕ್ಯೂ ನಿಂತು ಬಟನ್ ಒತ್ತಿ ಬಂದು, ಇಲ್ಲಿ ಹದಿನೆಂಟು ವರ್ಷದ ಹುಡುಗನ್ನ ಯಾರ ಮಗ ಅಂತ ಕೇಳ್ತೀಯಲ್ಲ!"

ಹೊರಗಿನವರಿಗೆ ಇದರ ರುಚಿ ಗೊತ್ತಾಗಲಿ ಅಂತ ಹೇಳ್ತೀನಿ. ನಂಜನಗೂಡಿನ ಶಾಸಕ ದರ್ಶನ್ ಧ್ರುವನಾರಾಯಣ, ತಂದೆ ತೀರಿಕೊಂಡ ಮೇಲೆ 2023ರಲ್ಲಿ ಗೆದ್ದವರು. ಲೋಕಸಭೆಗೆ ನಾವು ಚಾಮರಾಜನಗರಕ್ಕೆ ಸೇರುತ್ತೇವೆ. ಅಲ್ಲಿ 2024ರ ಜೂನ್‌ನಲ್ಲಷ್ಟೇ ಗೆದ್ದಿದ್ದ ಸುನಿಲ್ ಬೋಸ್, ತಿ. ನರಸೀಪುರದ ಶಾಸಕರೂ ಮಂತ್ರಿಗಳೂ ಆದ ಎಚ್.ಸಿ. ಮಹದೇವಪ್ಪನವರ ಮಗ. ಪಕ್ಕದ ವರುಣಾದಲ್ಲಿ ಸಿದ್ದರಾಮಯ್ಯನವರ ಮಗ ಯತೀಂದ್ರ ಅದಾಗಲೇ ಒಂದು ಅವಧಿ ಶಾಸಕರಾಗಿದ್ದರು. ಯಾರು ಒಳ್ಳೆಯವರು, ಯಾರು ಅಲ್ಲ ಅನ್ನೋದು ಬೇರೆ ಮಾತು. 'ಯಾರ ಮಗ' ಅನ್ನೋ ಪ್ರಶ್ನೆ ನಮ್ಮ ಸೀಮೆಯಲ್ಲಿ ಬೈಗುಳ ಅಲ್ಲ, ವಿಳಾಸ. ಕ್ರಿಕೆಟ್ಟಿಗೆ ಬಂದಾಗ ಮಾತ್ರ ನಮಗೆ ನ್ಯಾಯದ ನೆನಪಾಗುತ್ತೆ. ಅದು ಒಳ್ಳೆಯದೇ ಅನ್ನಿ. ಎಲ್ಲೋ ಒಂದು ಕಡೆ ನೆನಪಾಗುತ್ತಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ವಾರಿಯರ್ಸ್ ಮಾಡಿದ್ದು ಸರಿಯಾಗಿತ್ತು. ಆ ವರ್ಷದ ಜನವರಿಯಲ್ಲಿ ಕರ್ನಾಟಕ ಮೊದಲ ಸಲ ಕೂಚ್ ಬಿಹಾರ್ ಟ್ರೋಫಿ ಗೆದ್ದಿತ್ತು. 19 ವರ್ಷದೊಳಗಿನ ಹುಡುಗರ ನಾಲ್ಕು ದಿನದ ಪಂದ್ಯಗಳು. ಆ ಸೀಸನ್ನಿನ ಎಂಟು ಪಂದ್ಯಗಳಲ್ಲಿ ಸಮಿತ್ 362 ರನ್ ಮಾಡಿ, ಮಧ್ಯಮ ವೇಗದ ಬೌಲಿಂಗ್‌ನಲ್ಲಿ 16 ವಿಕೆಟ್ ತೆಗೆದಿದ್ದ. ಮಧ್ಯಮ ಕ್ರಮಾಂಕದಲ್ಲಿ ಬ್ಯಾಟು ಬೀಸಿ ನಾಲ್ಕು ಓವರ್ ಹಾಕಬಲ್ಲ 18ರ ಹುಡುಗ 50,000ಕ್ಕೆ ಸಿಗುತ್ತಾನೆ ಅಂದ್ರೆ ಯಾವ ತಂಡ ಬಿಡುತ್ತೆ? ನಾಳೆ ಅವನು ಬೆಳೆದರೆ ಲಾಭ, ಬೆಳೆಯದಿದ್ದರೆ ಹೋಗಿದ್ದು ಒಂದು ಫೋನಿನ ದುಡ್ಡು.

ಅದಕ್ಕಿಂತ ನನಗೆ ವಿಚಿತ್ರ ಅನ್ನಿಸಿದ್ದು ಇನ್ನೊಂದು. ಅದೇ ಕೂಚ್ ಬಿಹಾರ್ ಫೈನಲ್, ಶಿವಮೊಗ್ಗದಲ್ಲಿ, ಮುಂಬೈ ವಿರುದ್ಧ. ಪ್ರಖರ್ ಚತುರ್ವೇದಿ ಅನ್ನೋ ನಮ್ಮ ಆರಂಭಿಕ ಆಟಗಾರ ಔಟಾಗದೆ 404 ರನ್ ಹೊಡೆದ. ನಾನೂರ ನಾಲ್ಕು! ಆ ಟ್ರೋಫಿಯ ಫೈನಲ್ ಒಂದರಲ್ಲಿ ನಾನೂರು ದಾಟಿದ ಮೊದಲಿಗ ಅವನು. 1999ರಲ್ಲಿ ಯುವರಾಜ್ ಸಿಂಗ್ ಹೊಡೆದಿದ್ದ 358 ಅನ್ನು ಹಿಂದೆ ಹಾಕಿದ. ಆ ಟೀ ಅಂಗಡಿಯಲ್ಲಿ ಒಂದು ಗಂಟೆ ಕೂತಿದ್ದೆ, ಅವನ ಹೆಸರು ಒಬ್ಬರ ಬಾಯಲ್ಲೂ ಬರಲಿಲ್ಲ. ದೊಡ್ಡವರ ಮಗನಿಗೆ ಯಾಕೆ ಇಷ್ಟು ಪ್ರಚಾರ ಅಂತ ಸಿಟ್ಟಾದವರೂ ಆ ಒಂದು ಗಂಟೆ ಮಾತಾಡಿದ್ದು ದೊಡ್ಡವರ ಮಗನ ಬಗ್ಗೆಯೇ.

ಕರ್ನಾಟಕಕ್ಕೆ ಈ ಜಗಳ ಹೊಸದಲ್ಲ. ಸ್ಟುವರ್ಟ್ ಬಿನ್ನಿ ಭಾರತ ತಂಡಕ್ಕೆ ಬಂದಾಗ ಅಪ್ಪ ರೋಜರ್ ಬಿನ್ನಿ ಆಯ್ಕೆ ಸಮಿತಿಯಲ್ಲಿದ್ದರು. ಮಗನ ಹೆಸರು ಚರ್ಚೆಗೆ ಬಂದಾಗ ಅವರು ಎದ್ದು ಹೊರಗೆ ಹೋಗ್ತಿದ್ದರಂತೆ. ಜನ ಅದನ್ನ ಕಿವಿಗೆ ಹಾಕಿಕೊಳ್ಳಲಿಲ್ಲ. 2014ರಲ್ಲಿ ಮೀರ್‌ಪುರದಲ್ಲಿ ಬಾಂಗ್ಲಾದೇಶದ ವಿರುದ್ಧ ಸ್ಟುವರ್ಟ್ 4 ರನ್ ಕೊಟ್ಟು 6 ವಿಕೆಟ್ ಕಿತ್ತ. ಏಕದಿನ ಪಂದ್ಯಗಳಲ್ಲಿ ಭಾರತದ ಬೌಲರ್ ಒಬ್ಬನ ಅತ್ಯುತ್ತಮ ಸಾಧನೆ 2023ರವರೆಗೂ ಅದೇ ಆಗಿತ್ತು. ಕುಂಬ್ಳೆಗಿಂತ ಮೇಲೆ. ಆದರೆ ಬಿನ್ನಿ ಅಂದ ತಕ್ಷಣ ಜನಕ್ಕೆ ನೆನಪಾಗೋದು ಅಮೆರಿಕದಲ್ಲಿ ಎವಿನ್ ಲೂಯಿಸ್ ಕೈಯಲ್ಲಿ 32 ರನ್ ಹೊಡೆಸಿಕೊಂಡ ಆ ಒಂದು ಓವರು. ಅಪ್ಪನ ಹೆಸರು ಬಾಗಿಲು ತೆಗೆಯುತ್ತೆ, ನಿಜ. ಒಳಗೆ ಹೋದಮೇಲೆ ಅದೇ ಹೆಸರು ಒಂದು ಓವರನ್ನೂ ಮರೆಯೋಕೆ ಬಿಡಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಆ ಯೂನಿಫಾರ್ಮ್ ಹುಡುಗನ ಮಾತು ನನ್ನ ತಲೆಯಿಂದ ಹೋಗಲಿಲ್ಲ. ಯಾಕಂದ್ರೆ ಅಂಥವನೇ ಒಬ್ಬ ನಮ್ಮ ಮನೆಯಲ್ಲೂ ಇದ್ದಾನೆ.

ನಮ್ಮ ಚಿಕ್ಕಮ್ಮನ ಮಗ. ಕಪಿಲೆ ನಂಜನಗೂಡು ಬಿಟ್ಟು, ಸುತ್ತೂರಿನ ಮಗ್ಗುಲಲ್ಲಿ ಹಾದು, ಹೋಗಿ ಕಾವೇರಿಗೆ ಸೇರೋದು ತಿ. ನರಸೀಪುರದಲ್ಲಿ. ಅಲ್ಲೇ ಅವರ ಮನೆ. ಆಗ ಅವನಿಗೂ ಹತ್ತೊಂಬತ್ತು. ಭತ್ತ ಕೊಯ್ದ ಗದ್ದೆಯಲ್ಲಿ ಆಡಿ ಕಲಿತ ಬೌಲಿಂಗು. ಟೆನಿಸ್ ಬಾಲ್‌ನಲ್ಲಿ ಅವನ ಯಾರ್ಕರ್ ಬಂದ್ರೆ ಬನ್ನೂರಿನಿಂದ ತಲಕಾಡಿನವರೆಗೆ ಯಾವ ಬ್ಯಾಟ್ಸ್‌ಮನ್ನೂ ಕಾಲು ನೆಲದ ಮೇಲೆ ಇಡ್ತಿರಲಿಲ್ಲ. ಹಬ್ಬದ ಟೂರ್ನಮೆಂಟುಗಳಲ್ಲಿ ಮೊದಲ ಬಹುಮಾನ ಟಗರು ಇಟ್ಟಿರ್ತಾರೆ. ಅವರ ತಂಡ ಎರಡು ಸಲ ಟಗರು ಗೆದ್ದಿದೆ. ಎರಡು ಸಲವೂ ನಾನು ಊಟಕ್ಕೆ ಹೋಗಿದ್ದೇನೆ. ಅಂದಮೇಲೆ ಅವನ ಪ್ರತಿಭೆಯ ಬಗ್ಗೆ ನನ್ನ ಸಾಕ್ಷಿಯನ್ನ ನೀವು ಎಷ್ಟು ಬೇಕೋ ಅಷ್ಟೇ ನಂಬಿ.

ಆ ಸಂಜೆ ನಂಜನಗೂಡಿಂದ ಬೈಕಲ್ಲಿ ಅವರ ಮನೆಗೆ ಹೋದರೆ ಅಲ್ಲೂ ಇದೇ ಜಗಳ. ಚಿಕ್ಕಮ್ಮ ಕ್ರಿಕೆಟ್ ನೋಡಿದವರಲ್ಲ. ಆದರೆ ಆ ಒಂದು ಸುದ್ದಿಯನ್ನ ಅವರು ಸೆರಗಿಗೆ ಗಂಟು ಹಾಕಿ ಇಟ್ಟುಕೊಂಡಿದ್ದರು. ಕೈಗೆ ಕಾಫಿ ಕೊಡ್ತಾನೇ ಶುರು ಮಾಡಿದರು: "ನೋಡಪ್ಪಾ, ದ್ರಾವಿಡ್ ಮಗನಿಗೇ ಐವತ್ ಸಾವ್ರ ಅಂತೆ. ದ್ರಾವಿಡ್ ಮಗನಿಗೆ! ಇವನಿಗೆ ಎಷ್ಟು ಕೊಟ್ಟಾರು? ನೀನಾದ್ರೂ ಹೇಳು, ಫ್ಯಾಕ್ಟ್ರಿ ಕೆಲ್ಸಕ್ಕೆ ಸೇರ್ಕೊ ಅಂತ."

ಅವನು ಗೋಡೆಗೆ ಒರಗಿ ಕೂತಿದ್ದವನು ತಲೆ ಎತ್ತಿದ. "ಅದನ್ನೇ ನಾನೂ ಹೇಳ್ತಿರೋದು ಕನವ್ವ. ದ್ರಾವಿಡ್ ಮಗ ಅಂತ ಜಾಸ್ತಿ ಕೊಡ್ಲಿಲ್ಲ ನೋಡು. ಅಂದ್ರೆ ಅಲ್ಲಿ ಲೆಕ್ಕ ಸರಿಯಾಗೇ ಅದೆ."

ಒಂದೇ ಸುದ್ದಿ, ಒಂದೇ ಮೊತ್ತ. ಅಮ್ಮನಿಗೆ ಅದು ಆಟ ಬಿಡೋಕೆ ಕಾರಣ, ಮಗನಿಗೆ ಆಡೋಕೆ ಕಾರಣ. ನಡುವೆ ಕೂತ ನಾನು ಕಾಫಿ ಕುಡಿದೆ.

ಆಮೇಲೆ ಹೊಳೆ ಕಡೆ ನಡೀತಾ ಅವನು ಕೇಳಿದ ಪ್ರಶ್ನೆಗೆ ಮಾತ್ರ ನನ್ನ ಹತ್ತಿರ ಉತ್ತರ ಇರಲಿಲ್ಲ. "ಅಣ್ಣ, ಆ ಹರಾಜಿನ ಪಟ್ಟಿಗೆ ಹೆಸರು ಹೆಂಗೆ ಹೋಗ್ತದೆ?"

ಹೆಂಗೆ ಹೋಗುತ್ತೆ ಅಂದ್ರೆ, ಕೆಎಸ್‌ಸಿಎ ನೋಂದಣಿ ಇರೋ ಕ್ಲಬ್‌ಗೆ ಸೇರಬೇಕು. ಡಿವಿಷನ್ ಲೀಗ್ ಆಡಬೇಕು. ಅಲ್ಲಿ ರನ್ನೋ ವಿಕೆಟ್ಟೋ ಬಂದರೆ ಮೈಸೂರು ವಲಯದ ತಂಡ. ಅಲ್ಲಿ ಯಾರದ್ದಾದರೂ ಕಣ್ಣಿಗೆ ಬಿದ್ದರೆ ರಾಜ್ಯದ ವಯೋಮಿತಿ ತಂಡ. ಆಮೇಲೆ ಹರಾಜಿನ ಪಟ್ಟಿ. ಹೇಳೋಕೆ ಐದು ವಾಕ್ಯ. ನರಸೀಪುರದಿಂದ ಮೈಸೂರಿಗೆ ಮೂವತ್ತು ಕಿಲೋಮೀಟರು, ನಂಜನಗೂಡಿನಿಂದ ಇನ್ನೂ ಹತ್ತಿರ. ಆದರೆ ಬೆಳಗ್ಗೆ ಆರಕ್ಕೆ ನೆಟ್ಸ್ ಅಂದರೆ ಎಷ್ಟು ಗಂಟೆಯ ಬಸ್ಸು ಹಿಡಿಯಬೇಕು, ವಾರಕ್ಕೆ ಎಷ್ಟು ದಿನ, ಎಷ್ಟು ವರ್ಷ? ಹತ್ತೊಂಬತ್ತನೇ ವಯಸ್ಸಿನಲ್ಲಿ ಈ ಪ್ರಶ್ನೆ ಕೇಳೋನು ಹನ್ನೆರಡನೇ ವಯಸ್ಸಿನಲ್ಲೇ ಕೇಳಬೇಕಿತ್ತು. ಆಗ ಅವನ ಪರವಾಗಿ ಕೇಳೋಕೆ ಮನೇಲಿ ಯಾರಿಗೂ ಗೊತ್ತಿರಲಿಲ್ಲ. ಸಮಿತ್‌ಗೆ ಅಪ್ಪನಿಂದ ಸಿಕ್ಕಿದ್ದರಲ್ಲಿ ನಿಜವಾಗಲೂ ಬೆಲೆ ಬಾಳೋದು ಇದೇ ಇರಬೇಕು ಅಂತ ನನಗನ್ನಿಸೋದು: ದಾರಿ ಯಾವ ಕಡೆ ಅನ್ನೋದು ಮನೆಯಲ್ಲೇ ಗೊತ್ತಿರೋದು. ಅದನ್ನ ಯಾವ ಹರಾಜಿನಲ್ಲೂ ಲೆಕ್ಕಕ್ಕೆ ಹಿಡಿಯಲ್ಲ.

ಕೆಪಿಎಲ್ ಕಾಲದಿಂದಲೂ 'ಕ್ಯಾಚ್‌ಮೆಂಟ್ ಏರಿಯಾ ಆಟಗಾರರು' ಅಂತ ಒಂದು ಮಾತಿದೆ. ತಂಡಗಳು ತಮ್ಮ ಸುತ್ತಲಿನ ಪ್ರದೇಶದ ಹುಡುಗರನ್ನೂ ತಗೋಬೇಕು ಅನ್ನೋ ಆಶಯ. ಇದನ್ನ ಅವನಿಗೆ ಹೇಳಿದೆ. "ಕ್ಯಾಚ್‌ಮೆಂಟ್ ಅಂದ್ರೆ ವಯನಾಡಲ್ವಾ?" ಅಂದ. ಕಬಿನಿಯ ಕೆಳಗೆ ಹುಟ್ಟಿದವರಿಗೆ ಆ ಪದದ ಅರ್ಥ ಅದೊಂದೇ. ಮಳೆ ಅಲ್ಲಿ ಬೀಳುತ್ತೆ, ನೀರು ನಮ್ಮ ಮೆಟ್ಟಿಲಿಗೆ ಬರುತ್ತೆ. ಕ್ರಿಕೆಟ್ಟಿನಲ್ಲಿ ಹಾಗೆ ಬರಲ್ಲ, ಯಾರಾದರೂ ಮೇಲಕ್ಕೆ ಹತ್ತಿಸಬೇಕು.

ಹತ್ತಿಸಿದ ಉದಾಹರಣೆಗಳು ಇಲ್ಲದೇ ಇಲ್ಲ. ಮೈಸೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ ಶ್ರೀನಾಥ್‌ನನ್ನು ಕ್ಲಬ್ ಪಂದ್ಯವೊಂದರಲ್ಲಿ ಗುರುತಿಸಿದ್ದು ಜಿ.ಆರ್. ವಿಶ್ವನಾಥ್. ಆಮೇಲೆ ಮೊದಲ ರಣಜಿ ಪಂದ್ಯದಲ್ಲೇ ಹ್ಯಾಟ್ರಿಕ್. ಕೊಡಗಿನ ಕೆ.ಸಿ. ಕಾರಿಯಪ್ಪ ಒಂದೂ ರಣಜಿ ಪಂದ್ಯ ಆಡದೆ, ಕೆಪಿಎಲ್‌ನಲ್ಲಿ ಕಣ್ಣಿಗೆ ಬಿದ್ದು, 2015ರಲ್ಲಿ ಕೋಲ್ಕತ್ತ ತಂಡಕ್ಕೆ 2.4 ಕೋಟಿಗೆ ಹೋದ. ನಮ್ಮ ಸುಚಿತ್ ಅದೇ ವರ್ಷ ಮುಂಬೈ ಇಂಡಿಯನ್ಸ್ ಸೇರಿದ. ನಮ್ಮ ಹುಡುಗನಿಗೆ ಈ ಮೂರೂ ಕಥೆ ಬಾಯಿಪಾಠ. ಮೂರರಲ್ಲೂ ಹುಡುಗರ ಕೈಯಲ್ಲಿದ್ದದ್ದು ಲೆದರ್ ಬಾಲ್ ಅನ್ನೋದನ್ನ ಮಾತ್ರ ಅವನು ಹೇಳೋದಿಲ್ಲ.

ಲೆದರ್ ಬಾಲ್ ಬೇರೆಯದೇ ಪ್ರಾಣಿ. 156ರಿಂದ 163 ಗ್ರಾಂ ತೂಕ, ನಡುವೆ ಹೊಲಿಗೆ, ಒಂದು ಕಡೆ ಉಜ್ಜಿ ಇನ್ನೊಂದು ಕಡೆ ಬಿಟ್ಟರೆ ಗಾಳಿಯಲ್ಲೇ ತಿರುಗುತ್ತೆ. ಟೆನಿಸ್ ಬಾಲ್‌ಗೆ ತೋಳಿನ ವೇಗ ಸಾಕು. ಇದಕ್ಕೆ ಮಣಿಕಟ್ಟು, ಬೆರಳು, ಹೊಲಿಗೆಯ ದಿಕ್ಕು ಎಲ್ಲ ಬೇಕು. ಆ ಹರಾಜಿಗೆ ಮುಂಚೆ ಅವನು ಮೈಸೂರಿನಲ್ಲಿ ಯಾರೋ ಕರೆದಿದ್ದ ಒಂದು ಟ್ರಯಲ್ಸ್‌ಗೆ ಹೋಗಿದ್ದ. ಬೆಳಗ್ಗೆ ಐದೂವರೆಗೆ ಮನೆ ಬಿಟ್ಟು, ಎದೆಗೆ ನಂಬರ್ ಚೀಟಿ ಅಂಟಿಸಿಕೊಂಡು, ನೂರಾರು ಹುಡುಗರ ಜೊತೆ ಬಿಸಿಲಲ್ಲಿ ಕೂತು, ಮೂರು ಗಂಟೆಗೆ ಸರದಿ ಬಂದಾಗ ಆರು ಚೆಂಡು ಹಾಕಿದ. ಎರಡು ವೈಡು, ಒಂದು ಯಾರ್ಕರು, ಉಳಿದಿದ್ದು ಹಾಗೇ. "ಲೆದರ್ ಬಾಲ್ ಎಷ್ಟು ದಿನದಿಂದ ಆಡ್ತಿದ್ದೀಯಪ್ಪ?" ಅಂತ ಕೇಳಿದರಂತೆ. ಸುಳ್ಳು ಹೇಳೋಕೆ ಬರದವನು "ಎರಡು ತಿಂಗಳಿಂದ ಸಾರ್" ಅಂದ. ನೆಕ್ಸ್ಟ್ ಅಂದರು. ಕೇಳಿದವರದೂ ತಪ್ಪಲ್ಲ, ಅವರ ಮುಂದೆ ಇನ್ನೂ ಅಷ್ಟೇ ಉದ್ದದ ಸಾಲಿತ್ತು.

ಆಗಸ್ಟ್ 15ಕ್ಕೆ ಬೆಂಗಳೂರಿನಲ್ಲಿ ಟೂರ್ನಿ ಶುರುವಾಯಿತು. ಎರಡೂ ಊರಿನ ವಾದಗಾರರು ಫೋನು ಹಿಡಿದು ಕೂತರು. ಸಮಿತ್ ಏಳು ಇನ್ನಿಂಗ್ಸ್‌ನಲ್ಲಿ 82 ರನ್ ಮಾಡಿದ. ಗುಲ್ಬರ್ಗ ವಿರುದ್ಧ 33, ಅದೇ ಹೆಚ್ಚು. ಬೌಲಿಂಗ್ ಕೊಡಲೇ ಇಲ್ಲ. ಆಲ್‌ರೌಂಡರ್ ಅಂತ ತಗೊಂಡು ಒಂದು ಓವರೂ ಕೊಡದೆ ಇದ್ದದ್ದು ಯಾಕೆ ಅನ್ನೋದು ನಿಜವಾದ ಕ್ರಿಕೆಟ್ ಪ್ರಶ್ನೆ. ಟೈರ್ ಅಂಗಡಿಯವನು ಅದನ್ನ ಕೇಳಲಿಲ್ಲ. "ನಾನ್ ಹೇಳಿರಲಿಲ್ವಾ" ಅಂದ, ಅಷ್ಟೇ.

ಅಷ್ಟರಲ್ಲಿ ಎಲ್ಲರ ಗಮನ ನಾಯಕ ಕರುಣ್ ನಾಯರ್ ಕಡೆ ತಿರುಗಿತ್ತು. ಚೆನ್ನೈ ಟೆಸ್ಟ್‌ನಲ್ಲಿ 303 ಹೊಡೆದೂ ಭಾರತ ತಂಡದಿಂದ ಹೊರಬಿದ್ದು, ಕರ್ನಾಟಕಕ್ಕೂ ಬೇಡವಾಗಿ, ವಿದರ್ಭಕ್ಕೆ ರಣಜಿ ಆಡೋಕೆ ಹೋದವನು. ಆ ಟೂರ್ನಿಯಲ್ಲಿ 560 ರನ್ ಬಾರಿಸಿದ. ಸೆಪ್ಟೆಂಬರ್ 1ರ ಫೈನಲ್‌ನಲ್ಲಿ ವಾರಿಯರ್ಸ್ 207 ಹೊಡೆದು ಬೆಂಗಳೂರು ಬ್ಲಾಸ್ಟರ್ಸ್ ತಂಡವನ್ನು 45 ರನ್‌ಗಳಿಂದ ಸೋಲಿಸಿತು. ಕೊನೆಯಲ್ಲಿ ರಾಯಚೂರಿನ ಮನೋಜ್ ಭಾಂಡಗೆ 13 ಎಸೆತಕ್ಕೆ 44. ನಂಜನಗೂಡಿನಲ್ಲಿ ಆ ರಾತ್ರಿ ಪಟಾಕಿ ಹೊಡೆದವರಲ್ಲಿ ಆ ಯೂನಿಫಾರ್ಮ್ ಹುಡುಗನೂ ಇದ್ದನಂತೆ. ಹೋದ ಸೀಟಿನ ಮಾತು ಯಾರೂ ಎತ್ತಲಿಲ್ಲ. ಕಪ್ ಬಂದ ಮನೆಯಲ್ಲಿ ಲೆಕ್ಕ ಕೇಳೋರಿಲ್ಲ.

ಫೈನಲ್‌ಗೆ ಮುಂಚೆಯೇ ಸಮಿತ್ ಭಾರತದ 19 ವರ್ಷದೊಳಗಿನ ತಂಡಕ್ಕೆ ಆಯ್ಕೆಯಾಗಿದ್ದ, ಆಸ್ಟ್ರೇಲಿಯಾ ವಿರುದ್ಧದ ಸರಣಿಗೆ. ಗಾಯ ಆಯಿತು, ಒಂದು ಪಂದ್ಯವೂ ಆಡಲಾಗಲಿಲ್ಲ. ಮುಂದಿನ ವರ್ಷ, 2025ರ ಜುಲೈ, ಮತ್ತೆ ಹರಾಜು. ಹುಬ್ಬಳ್ಳಿಯವರು ದೇವದತ್ತ ಪಡಿಕ್ಕಲ್‌ಗೆ 13.2 ಲಕ್ಷ, ನಮ್ಮವರು ಮನೀಶ್ ಪಾಂಡೆಗೆ 12.2 ಲಕ್ಷ ಸುರಿದರು. ಸಮಿತ್ ದ್ರಾವಿಡ್ ಹೆಸರು ಬಂದಾಗ ಯಾರೂ ಕೈ ಎತ್ತಲಿಲ್ಲ. ಮಾರಾಟವಾಗದೆ ಉಳಿದ.

ಅದೂ ದೊಡ್ಡ ಸುದ್ದಿಯೇ ಆಯಿತು. ಅವತ್ತು ಮಾರಾಟವಾಗದೆ ಉಳಿದ ಬೇರೆ ಹುಡುಗರ ಹೆಸರು ನಿಮಗೆ ಗೊತ್ತಾ? ನನಗೂ ಗೊತ್ತಿಲ್ಲ. ಅವರೆಲ್ಲ ಬಾಗಿಲು ಹಾಕಿಕೊಂಡು ಒಬ್ಬರೇ ಬೇಜಾರು ಮಾಡಿಕೊಳ್ಳಬಹುದಿತ್ತು. ಇವನಿಗೆ ಆ ಸೌಲಭ್ಯವೂ ಇರಲಿಲ್ಲ. 19 ವರ್ಷದವನು ಕೈಬಿಟ್ಟುಹೋದದ್ದನ್ನ ಇಡೀ ದೇಶಕ್ಕೆ ಹೆಡ್‌ಲೈನ್ ಮಾಡಿ ಹೇಳಿದರು. ಟೀ ಅಂಗಡಿಯಲ್ಲಿ ಟೈರಿನವನು ಈ ಸಲ ಗೆದ್ದ ಮುಖ ಮಾಡಲಿಲ್ಲವಂತೆ. "ಇನ್ನೊಂದ್ ವರ್ಷ ನೋಡ್ಬೋದಿತ್ತು ಕನ, ಚಿಕ್ ಹುಡ್ಗ" ಅಂದನಂತೆ. ಪಿ.ಟಿ. ಮೇಷ್ಟ್ರು ಅವನಿಗೆ ಟೀ ಕೊಡಿಸಿದರಂತೆ.

ಚಿಕ್ಕಮ್ಮನ ಫೋನು ಬಂತು. "ಆ ದ್ರಾವಿಡ್ ಮಗನ್ನ ಯಾರೂ ತಗೊಳ್ಳಲಿಲ್ವಂತಲ್ಲಪ್ಪಾ. ಪಾಪ, ಅವರವ್ವ ಎಷ್ಟು ನೊಂದ್ಕೊಂಡಳೋ." ಕ್ರಿಕೆಟ್ಟಿನ ಬಗ್ಗೆ ಅವರು ನನ್ನ ಜೊತೆ ಜಗಳ ಇಲ್ಲದೆ ಮಾತಾಡಿದ್ದು ಅದೇ ಮೊದಲು.

ಅವರ ಮಗ ಅಷ್ಟೊತ್ತಿಗೆ ನಂಜನಗೂಡಿನ ಇಂಡಸ್ಟ್ರಿಯಲ್ ಏರಿಯಾದಲ್ಲಿ ಕೆಲಸಕ್ಕೆ ಸೇರಿ ಏಳು ತಿಂಗಳಾಗಿತ್ತು. ರಾತ್ರಿ ಪಾಳಿ ಇದ್ದ ವಾರ ಬೆಳಗ್ಗೆ ನೇರ ಮೈಸೂರಿಗೆ ಹೋಗಿ ನೆಟ್ಸ್ ಮುಗಿಸಿ ಆಮೇಲೆ ಮಲಗ್ತಾನೆ. ಕೆಳಗಿನ ಡಿವಿಷನ್ನಿನ ಒಂದು ಕ್ಲಬ್ಬಿಗೆ ಹೆಸರು ಹಚ್ಚಿದ್ದಾನೆ. ಸ್ಪೈಕ್ಸ್ ಶೂ ನಾನು ಕೊಡಿಸಿದ್ದು. ಹೋದ ಸೀಸನ್ನಿನಲ್ಲಿ ಆಡಿಸಿದ್ದು ನಾಲ್ಕೇ ಪಂದ್ಯ, ನಾಲ್ಕನೆಯದರಲ್ಲಿ ಮೂರು ವಿಕೆಟ್ ಬಿತ್ತು. ಸ್ಕೋರ್‌ಬುಕ್ಕಿನ ಆ ಪುಟದ ಫೋಟೋ ತೆಗೆದು ನನಗೆ ಕಳಿಸಿದ. ಹೆಸರಿನ ಸ್ಪೆಲ್ಲಿಂಗ್ ತಪ್ಪು ಬರೆದಿದ್ದರು.

ಮನೆಗೆ ಹೋಗಿ ಅಮ್ಮನಿಗೂ ತೋರಿಸಿದನಂತೆ. ಅವರು ಕನ್ನಡಕ ಹಾಕಿಕೊಂಡು ನಿಧಾನಕ್ಕೆ ನೋಡಿ ಕೇಳಿದರಂತೆ: "ಮೂರು ತೆಗೆದಿದ್ದಕ್ಕೆ ಎಷ್ಟು ಕೊಟ್ರು?"

"ಬೈಕ್ ಪೆಟ್ರೋಲ್‌ಗೆ ನಾನೇ ಇನ್ನೂರು ಹಾಕ್ದೆ ಕನವ್ವ."